ಯಾರೂ ನೀರು ಹಾಕದ ಗಿಡ

ನಮ್ಮ ಮನೆಯ ಹಿಂಬದಿ ಗೋಡೆಯಲ್ಲಿ, ತಾರಸಿಯ ಮಳೆನೀರು ಇಳಿಯುವ ಪೈಪಿನ ಪಕ್ಕ ಒಂದು ಬಿರುಕಿದೆ. ಅದರಲ್ಲಿ ಅರಳಿ ಗಿಡ ಹುಟ್ಟಿತ್ತು. ಮೂರನೇ ಸಲ. ಮೊದಲ ಸಲ ಎರಡೇ ಎರಡು ಎಲೆ ಇದ್ದವು, ಮುದ್ದಾಗಿದೆ ಅಂತ ಸುಮ್ನೆ ಬಿಟ್ಟೆ, ಬೇಸಿಗೆಗೆ ತಾನೇ ಒಣಗುತ್ತದೆ ಅಂದುಕೊಂಡೆ. ಒಣಗಲಿಲ್ಲ. ಕೈಯಲ್ಲೇ ಚಿವುಟಿ ಹಾಕಿದೆ. ಎರಡನೇ ಸಲ ಏಣಿ ಹಾಕಿ ಬಲವಾಗಿ ಎಳೆದೆ, ಕಾಂಡ ಕೈಗೆ ಬಂತು, ಬೇರು ಒಳಗೇ ಉಳಿಯಿತು, ನಾನು ಏಣಿಯಿಂದ ಬೀಳದೆ ಉಳಿದದ್ದೇ ಹೆಚ್ಚು. ಮೂರನೇ ಸಲ ಅದು ಮೊಳದುದ್ದ ಬೆಳೆದು, ಪಕ್ಕದ ಮನೆಯ ಮಾವಿನ ಎಲೆ ಒಂದೂ ಅಲ್ಲಾಡದ ಮಧ್ಯಾಹ್ನದಲ್ಲೂ ತಾನೊಂದೇ ತಲೆ ಆಡಿಸಿಕೊಂಡು ನಿಂತಿತ್ತು.

ಅಮ್ಮನಿಗೆ ಅದನ್ನು ಕೀಳುವುದು ಇಷ್ಟವಿರಲಿಲ್ಲ.

"ಅರಳಿ ಕಣೋ ಅದು. ಮುಟ್ಟಬಾರದು."

"ಗೋಡೆ ಸೀಳುತ್ತೆ ಅಮ್ಮ. ಮೊದಲೇ ಒಳಗೆ ಸೋರ್ತಾ ಇದೆ."

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನೋ?"

ಈ ಗಾದೆಗೂ ನಮ್ಮ ಗೋಡೆ ಸೋರುವುದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಅಮ್ಮ ಅದನ್ನು ಎಲ್ಲದಕ್ಕೂ ಬಳಸುತ್ತಾಳೆ. ಅನ್ನಕ್ಕಿಟ್ಟ ಮೇಲೆ ನಾಲ್ಕು ಜನ ನೆಂಟರು ಬಂದರೆ ಅದೇ, ಒಂದು ವರ್ಷ ನಾನು ಕೆಲಸ ಇಲ್ಲದೆ ಮನೆಯಲ್ಲಿ ಕೂತಿದ್ದಾಗಲೂ ಅದೇ. ಆಗ ನನಗೆ ಸಿಟ್ಟು ಬರುತ್ತಿತ್ತು. ಸೋಮಾರಿಗಳು ಮಾಡಿಕೊಂಡ ಗಾದೆ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೂ ಉಂಟು. ಅಮ್ಮನಂತೂ ಸೋಮಾರಿಯಲ್ಲ, ಗಾದೆ ಹೇಳುತ್ತಲೇ ಇನ್ನೊಂದು ಪಾವು ಅಕ್ಕಿ ತೊಳೆಯುತ್ತಿರುತ್ತಾಳೆ.

ಮೂರನೇ ಸಲ ಏಣಿ ಹತ್ತಿದಾಗ ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು. ಆ ಹೊತ್ತಿಗೆ ಯಾಕೆ ಹತ್ತಿದೆ ಅಂದರೆ ಭಾನುವಾರ, ಎದ್ದದ್ದೇ ಹತ್ತಕ್ಕೆ. ಗೋಡೆ ಕೈ ಇಡಲಾಗದಷ್ಟು ಕಾದಿತ್ತು. ಗಿಡದ ಮುಖಕ್ಕೆ ಮುಖ ಕೊಟ್ಟು ನಿಂತೆ. ಬುಡದಲ್ಲಿ ಮಣ್ಣು ಅನ್ನುವಂಥದ್ದು ಏನೂ ಇರಲಿಲ್ಲ. ಒಂದು ಚಮಚದಷ್ಟು ಧೂಳು, ಒಣಗಿ ಕಪ್ಪಾದ ಪಾಚಿ, ಉದುರಿದ ಗಾರೆಯ ಪುಡಿ, ಒಂದು ಇರುವೆಯ ಹೆಣ. ಇಷ್ಟರ ಮೇಲೆ ಹದಿನೈದು ಹದಿನಾರು ಎಲೆ, ಒಂದೊಂದೂ ಅಂಗೈಯಗಲ, ಎಣ್ಣೆ ಸವರಿದ ಹಾಗೆ ಫಳಫಳ. ತುದಿಯಲ್ಲಿ ಆಗ ತಾನೇ ಬಿಚ್ಚಿಕೊಳ್ಳುತ್ತಿದ್ದ ಎಳೆ ಎಲೆಯ ಬಣ್ಣ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬಿನದು. ಮುಟ್ಟಿದರೆ ಮಗುವಿನ ಕಿವಿಯ ಹಾಗೆ ತಣ್ಣಗಿತ್ತು. ಅಷ್ಟು ಕಾದ ಗೋಡೆಯ ಮೇಲೆ ಅದು ಹೇಗೆ ತಣ್ಣಗಿತ್ತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಬೇರು ಗೋಡೆಯೊಳಗೆ ಎಲ್ಲೋ ನಮ್ಮ ಸೋರಿಕೆಯ ತೇವ ಹುಡುಕಿಕೊಂಡಿರುತ್ತದೆ, ಎಲೆ ಆ ನೀರನ್ನು ಆವಿ ಮಾಡಿ ಬಿಡುತ್ತ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ನಮ್ಮ ಮನೆಯ ಸೋರಿಕೆ ಯಾರಿಗೋ ಉಪಯೋಗಕ್ಕೆ ಬರುತ್ತಿದೆ ಅಂತ ಗೊತ್ತಾದದ್ದು ಅವತ್ತೇ.

ಅರಳಿ ಎಲೆಯ ತುದಿಗೆ ಒಂದು ಬಾಲ ಇರುತ್ತದಲ್ವಾ, ಚಿಕ್ಕಂದಿನಲ್ಲಿ ನೀರಿನಲ್ಲಿ ಕೊಳೆಹಾಕಿ, ಜಾಲರಿ ಮಾತ್ರ ಉಳಿಸಿಕೊಂಡು ಪುಸ್ತಕದೊಳಗೆ ಇಡುತ್ತಿದ್ದೆವಲ್ಲ, ಆ ಎಲೆಯ ಬಾಲ. ಮಳೆ ಬಿದ್ದಾಗ ನೀರು ಎಲೆಯ ಮೇಲೆ ನಿಲ್ಲದೆ ಆ ಬಾಲ ಹಿಡಿದು ಜಾರಿ ಹೋಗಲಿ ಅಂತ ಅದು. ನಮ್ಮ ತಾರಸಿಗೆ ಇಂಥದ್ದೊಂದು ಬಾಲ ಸರಿಯಾಗಿ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗಿಡ ಇಲ್ಲಿಗೆ ಬಂದದ್ದು ಹಕ್ಕಿಯಿಂದ. ಪಿಕಳಾರವೋ, ಮೈನಾವೋ, ಕೋಗಿಲೆಯೋ, ದಿನವಿಡೀ ಕುಟ್ರೂ ಕುಟ್ರೂ ಅಂತ ತಲೆ ತಿನ್ನುವ ಕುಟ್ರುಹಕ್ಕಿಯೋ, ಯಾವುದೋ ಒಂದು ಎಲ್ಲೋ ಅರಳಿ ಹಣ್ಣು ತಿಂದು ನಮ್ಮ ಪೈಪಿನ ಮೇಲೆ ಕೂತು ಹಗುರಾಗಿ ಹೋಗಿದೆ. ಬೀಜ, ಅದಕ್ಕೆ ಬೇಕಾದ ಚೂರು ಗೊಬ್ಬರ, ಎರಡೂ ಒಂದೇ ಪಾರ್ಸಲ್‌ನಲ್ಲಿ. ಬೀಜವೋ ರಾಗಿ ಕಾಳಿಗಿಂತ ಸಣ್ಣದು. ಒಂದೊಂದು ಹಣ್ಣಿನಲ್ಲೂ ಇಂಥವು ತುಂಬಿರುತ್ತವೆ, ಮರಕ್ಕೆ ಹಣ್ಣು ಸಾವಿರಗಟ್ಟಲೆ. ಅದರಲ್ಲಿ ಬಹುಪಾಲು ರಸ್ತೆಗೆ, ಕಾರಿನ ಗಾಜಿಗೆ, ಒಣಹಾಕಿದ ಬಟ್ಟೆಗೆ ಬಿದ್ದು ವ್ಯರ್ಥ. ನಾನು ಆಫೀಸಿನಲ್ಲಿ ಹೀಗೆ ಸಾಮಾನು ಪೋಲು ಮಾಡಿದ್ದರೆ ಎರಡನೇ ದಿನವೇ ಮನೆಗೆ ಕಳಿಸುತ್ತಿದ್ದರು.

ನನಗೆ ದೇವರು ಅಂದರೆ ಬಹಳ ಕಾಲ ಒಬ್ಬ ಲೆಕ್ಕಪತ್ರದ ಮನುಷ್ಯ. ನಾವು ಇಷ್ಟು ಪೂಜೆ ಜಮಾ ಮಾಡಿದರೆ ಅವನು ಇಷ್ಟು ಪುಣ್ಯ ಬರೆದುಕೊಳ್ಳುತ್ತಾನೆ, ತಪ್ಪಿದರೆ ಬಡ್ಡಿ. ಏಣಿಯ ಮೇಲೆ ನಿಂತು ನೋಡಿದರೆ ಆ ಚಿತ್ರ ಹೊಂದಲೇ ಇಲ್ಲ. ಹೀಗೆ ಚೆಲ್ಲಾಡುವವನಿಗೆ ಲೆಕ್ಕ ಬರುವ ಹಾಗೆ ಕಾಣುವುದಿಲ್ಲ. ನೆನಪಾದವಳು ನಮ್ಮ ಅಜ್ಜಿ. ಸಾಕು ಸಾಕು ಅಂತ ಬಾಳೆ ಎಲೆಗೆ ಎರಡೂ ಕೈ ಅಡ್ಡ ಇಟ್ಟರೂ, ಬೆರಳ ಸಂದಿಯಿಂದಲೇ ತುಪ್ಪ ಸುರಿದು, ಅರ್ಧ ನಮ್ಮ ಅಂಗಿಗೆ ಚೆಲ್ಲಿ, "ಏನೂ ತಿನ್ನಲೇ ಇಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಿದ್ದಳು. ದೇವರ ಪ್ರೀತಿ ಅನ್ನುವುದು ಇದ್ದರೆ ಅದು ಅಜ್ಜಿಯ ಜಾತಿಯದು ಇರಬೇಕು. ಅಳತೆ ಇಲ್ಲ, ಕೇಳುವುದಿಲ್ಲ, ಬೇಡ ಅಂದರೂ ಬಿಡುವುದಿಲ್ಲ. ಸ್ವಲ್ಪ ಕಿರಿಕಿರಿಯೂ ಹೌದು.

ಹಕ್ಕಿಗಳ ಊಟದ ವ್ಯವಸ್ಥೆ ನೋಡಿ. ಒಂದು ಅರಳಿ ಮರದ ಹಣ್ಣು ಸಾಮಾನ್ಯವಾಗಿ ಒಟ್ಟಿಗೇ ಮಾಗುತ್ತದೆ, ಆದರೆ ಊರಿನ ಅರಳಿ, ಆಲ, ಅತ್ತಿ, ಬಸರಿ ಮರಗಳೆಲ್ಲ ಒಟ್ಟಿಗೆ ಮಾಗುವುದಿಲ್ಲ. ಇವತ್ತು ದೇವಸ್ಥಾನದ ಮುಂದಿನದು, ಮುಂದಿನ ತಿಂಗಳು ಕೆರೆ ಏರಿಯದು, ಆಮೇಲೆ ಇನ್ಯಾವುದೋ. ಬೇರೆ ಹಣ್ಣು ಇಲ್ಲದ ಕಾಲದಲ್ಲೂ ಎಲ್ಲಾದರೂ ಒಂದು ಮರದಲ್ಲಿ ಪಂಕ್ತಿ ನಡೆದೇ ಇರುತ್ತದೆ. ಇದಕ್ಕೆ ಕಾರಣ ಒಂದು ಹುಳ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ನಾವು ಮೂಗು ಮುರಿಯುತ್ತೇವಲ್ಲ, ಅದರ ದಾಯಾದಿಯೇ ಅರಳಿಯಲ್ಲೂ ಇದೆ, ಒಂದು ಪುಟಾಣಿ ಕಣಜ. ಈ ಜಾತಿಯ ಮರಗಳ ಹೂವೆಲ್ಲ ಕಾಯಿಯ ಒಳಗೇ ಅರಳುತ್ತವೆ, ಹೊರಗೆ ಕಾಣುವುದೇ ಇಲ್ಲ. ಹೆಣ್ಣು ಕಣಜ ಕಾಯಿಯ ತುದಿಯ ಸೂಜಿಮೊನೆಯಂಥ ತೂತಿನಲ್ಲಿ ನುಸುಳಿ ಒಳಗೆ ಹೋಗುತ್ತದೆ, ನುಸುಳುವಾಗ ರೆಕ್ಕೆ ಹರಿದು ಬೀಳುತ್ತದೆ. ತಂದ ಪರಾಗ ಹೂವಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಅವು ಹೊರಹೋಗಲು ದಾರಿ ಕೊರೆದು ಮುಗಿಸುವಷ್ಟರಲ್ಲಿ ಮುಗಿದೇ ಹೋಗುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರಿ ಇನ್ನೊಂದು ಮರ ಹುಡುಕಬೇಕು, ಬದುಕಿರುವುದು ಒಂದೆರಡು ದಿನ. ಆ ಎರಡು ದಿನದಲ್ಲಿ ಎಲ್ಲೋ ಒಂದು ಮರದಲ್ಲಿ ಹೊಸ ಕಾಯಿ ಸಿದ್ಧವಿರಲೇಬೇಕು. ಎಲ್ಲ ಮರಗಳೂ ಒಟ್ಟಿಗೆ ಕಾಯಿಬಿಟ್ಟು ಒಟ್ಟಿಗೆ ಸುಮ್ಮನಾದರೆ ಈ ಹುಳದ ವಂಶ ಅಲ್ಲಿಗೆ ಮುಗಿಯಿತು, ಹುಳ ಮುಗಿದರೆ ಮರದ್ದೂ ಮುಗಿಯಿತು. ಕೋಟಿಗಟ್ಟಲೆ ವರ್ಷಗಳಿಂದ ಮುಗಿದಿಲ್ಲ.

ಇಲ್ಲಿ ನನಗೆ ಒಂದು ತೊಡಕಿದೆ. ಕತ್ತಲೆ ಕಾಯಿಯೊಳಗೆ ರೆಕ್ಕೆ ಕಳೆದುಕೊಂಡು ಸಾಯುವ ಆ ಹೆಣ್ಣು ಕಣಜದ ಹತ್ತಿರ ಹೋಗಿ, ನೋಡಮ್ಮ, ದೇವರ ಪ್ರೀತಿ ಅಪಾರ ಅಂತ ಹೇಳುವ ಧೈರ್ಯ ನನಗಿಲ್ಲ. ಅದರ ಮಕ್ಕಳಿಗೆ ಊಟ, ಹಾಸಿಗೆ, ಮನೆ ಎಲ್ಲ ಅದೇ ಕಾಯಿ ಅನ್ನುವುದು ನಿಜ. ಅಷ್ಟು ಸಾಕಾ? ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, "ತಾಯಿ ಅಂದ ಮೇಲೆ ಇನ್ನೇನು" ಅಂದಳು. ಅದು ಉತ್ತರವೋ ನನಗೆ ಹೇಳಿದ್ದೋ ತಿಳಿಯಲಿಲ್ಲ.

ಅರಳಿಯ ಬಗ್ಗೆ ವಾಟ್ಸಾಪ್‌ನಲ್ಲಿ ಬರುವುದೆಲ್ಲ ನಂಬಬೇಡಿ ಅಂತ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿಯೂ ಆಮ್ಲಜನಕ ಬಿಡುವ ಏಕೈಕ ಮರ ಅನ್ನುವುದು ಸುಳ್ಳು, ಬೆಳಕಿಲ್ಲದೆ ಯಾವ ಮರವೂ ಅದನ್ನು ತಯಾರಿಸುವುದಿಲ್ಲ. ಅದಕ್ಕೆ ಇಂಥ ಸುಳ್ಳಿನ ಅಗತ್ಯವೂ ಇಲ್ಲ. ಶ್ರೀಲಂಕಾದ ಅನುರಾಧಪುರದಲ್ಲಿ ಕ್ರಿ.ಪೂ. 288ರಲ್ಲಿ ನೆಟ್ಟ ಅರಳಿ ಇನ್ನೂ ಚಿಗುರುತ್ತಿದೆಯಂತೆ, ಅಶೋಕನ ಮಗಳು ಸಂಘಮಿತ್ತೆ ಬೋಧಗಯೆಯಿಂದ ಕೊಂಡೊಯ್ದ ಕೊಂಬೆಯದು. 2300 ವರ್ಷ. ಅದಕ್ಕೆ ಊರುಗೋಲು, ಬೇಲಿ, ಕಾವಲು ಎಲ್ಲ ಇದೆ. ನಮ್ಮ ಗೋಡೆಯದಕ್ಕೆ ಇದ್ದ ಕಾವಲು ಅಮ್ಮ ಒಬ್ಬಳೇ.

ಆದರೆ ಎಲ್ಲವನ್ನೂ ಹಕ್ಕಿಯ ಹೊಟ್ಟೆಯ ಮೇಲೇ ಬಿಟ್ಟರೆ ಆಗುವುದಿಲ್ಲ ಅನ್ನುವುದಕ್ಕೆ 2025ರಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನೇ ಸಾಕ್ಷಿ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತು 385 ಆಲದ ಮರ ಬೆಳೆಸಿದರು. ಮಕ್ಕಳಿಲ್ಲ ಅನ್ನುವ ಸಂಕಟಕ್ಕೆ ಮರ ನೆಟ್ಟವರು. ಗೋಡೆಯಲ್ಲಿ ಪುಗಸಟ್ಟೆ ಬೆಳೆಯುವ ಗಿಡ ನೋಡಿದಾಗ ಅಯ್ಯೋ ಎಷ್ಟು ಸುಲಭ ಅನ್ನಿಸುತ್ತದೆ. ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಿಸಿಲಲ್ಲಿ ನಡೆದವರನ್ನು ನೆನೆದರೆ, ಅದೇ ಪ್ರೀತಿ ಕೆಲವು ಸಲ ಹಕ್ಕಿಯ ಕೈಲಿ, ಕೆಲವು ಸಲ ಹೀಗೆ ನಮ್ಮಂಥವರ ಕೈಲಿ ಕೆಲಸ ಮಾಡಿಸುತ್ತದೇನೋ ಅನ್ನಿಸುತ್ತದೆ.

ಕೊನೆಗೆ ಮೇಸ್ತ್ರಿಯನ್ನು ಕರೆಸಿದೆ. ಅವರು ಗಿಡ ನೋಡಿ ಮೊದಲು ಚಪ್ಪಲಿ ಬಿಟ್ಟರು, ಕೈ ಮುಗಿದರು, ಆಮೇಲೆ ಉಳಿ ಸುತ್ತಿಗೆ ಕೈಗೆತ್ತಿಕೊಂಡರು. "ಬೇರು ಚೂರು ಉಳಿದ್ರೂ ಇದು ಬಿಡಲ್ಲ ಸಾರ್" ಅಂದರು. ಅರ್ಧ ಗಂಟೆ ಬಡಿದು, ಗಾರೆಯ ಹೆಂಟೆ ಸಮೇತ ಗಿಡವನ್ನು ಬಿಡಿಸಿ ಅಮ್ಮನ ಕೈಗೆ ಕೊಟ್ಟರು. ನಾಳೆ ಬಂದು ಸಿಮೆಂಟು ಹಾಕಿ ಮುಚ್ಚುತ್ತೇನೆ ಅಂತ ಹೋದರು. ಆ ನಾಳೆ ಬಂದಿಲ್ಲ, ಇವತ್ತಿಗೆ ನಲವತ್ತು ದಿನ.

ಗಿಡವನ್ನು ಒಳ್ಳೆಯ ಕುಂಡದಲ್ಲಿ, ಕೆಂಪು ಮಣ್ಣು, ಹಟ್ಟಿಗೊಬ್ಬರ ಹಾಕಿ ನೆಟ್ಟಿದ್ದೇವೆ. ಮಳೆ ಹಿಡಿದ ಮೇಲೆ ಕೆರೆ ಹತ್ತಿರ ಇಡುವುದು ಅಂತ ಯೋಚನೆ. ಸುಣ್ಣ, ಸಿಮೆಂಟು ತಿಂದು ಬದುಕಿದ ಗಿಡ ಈಗ ಎರಡು ದಿನ ನೀರು ತಪ್ಪಿದರೆ ಜೋಲು ಮುಖ ಹಾಕುತ್ತದೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ದಿನಾ ಕೇಳುತ್ತಾಳೆ, "ನೀರು ಹಾಕಿದ್ಯೇನೋ?" ಅಂತ. ಎಷ್ಟೋ ದಿನ ಮರೆತಿರುತ್ತೇನೆ. ಟಾರ್ಚು ಹಿಡಿದು ಹಿತ್ತಲಿಗೆ ಹೋಗುತ್ತೇನೆ.

ನಿನ್ನೆ ಹೀಗೆ ಹೋದವನು ಸುಮ್ನೆ ಟಾರ್ಚನ್ನು ಮೇಲೆ ಗೋಡೆಯ ಕಡೆ ಬಿಟ್ಟೆ. ಮೇಸ್ತ್ರಿ ಮುಚ್ಚದೆ ಹೋದ ತೂತಿನ ಅಂಚಿನಲ್ಲಿ ತಾಮ್ರದ ಬಣ್ಣದ್ದು ಏನೋ ಒಂದು, ಉಗುರಿನಷ್ಟು, ಅಲ್ಲಾಡುತ್ತಿತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲ.