ತಿಥಿ ಮನೆಯಲ್ಲಿ ಹೆಣ್ಣುಮಕ್ಕಳ ಸಹಿ ಕೇಳಬೇಡಿ

ಮೊನ್ನೆಯಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಬರೆಯದೆ ಇರೋಕೆ ಆಗ್ತಿಲ್ಲ.

ಮುಳಬಾಗಿಲು ಕಡೆ ದೂರದ ನೆಂಟರೊಬ್ಬರ ತಿಥಿಗೆ ಹೋಗಿದ್ದೆ. ಎರಡನೇ ಪಂಕ್ತಿ ಊಟ ನಡೆಯುತ್ತಿತ್ತು. ಹಿಂದಿನ ಕೋಣೆಯಲ್ಲಿ ಸತ್ತವರ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿ ಕೈಗೆ ಸೀರೆ, ರವಿಕೆ ಕಣ ಕೊಟ್ಟರು. ಅದರ ಹಿಂದೆಯೇ ಒಂದು ಛಾಪಾ ಕಾಗದ. "ಇಲ್ಲೊಂದು ಸಹಿ ಹಾಕಮ್ಮ, ಅಪ್ಪನ ಖಾತೆ ಬದಲಾಯಿಸಬೇಕು" ಅಂದರು ಅವರ ಚಿಕ್ಕಪ್ಪ. ದೊಡ್ಡವಳು ಓದದೆ ಹಾಕಿದಳು. ಚಿಕ್ಕವಳಿಗೆ ಕೈ ನಡುಗುತ್ತಿತ್ತು. ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಕೆ ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಬಡಿಸೋಕೆ ಹೋದರು.

ನಾನು ಆ ಕಾಗದ ತಗೊಂಡು ಓದಿದೆ. ಖಾತೆ ಬದಲಾವಣೆಯ ಮಾತೇ ಅದರಲ್ಲಿಲ್ಲ. ಅಪ್ಪನ ಆಸ್ತಿಯಲ್ಲಿ ನಮಗೆ ಯಾವ ಹಕ್ಕೂ ಇಲ್ಲ, ಎಲ್ಲ ನಮ್ಮ ಅಣ್ಣನಿಗೆ ಬಿಟ್ಟಿದ್ದೇವೆ ಅಂತ ಬರೆದಿದ್ದರು. ಅಲ್ಲೇ ಹೇಳಿದೆ, ಇದು ತಪ್ಪು ಅಂತ. "ಸಾವಿನ ಮನೆಯಲ್ಲಿ ಕಾನೂನು ಮಾತಾಡಬೇಡಿ" ಅಂದರು. ಸಾವಿನ ಮನೆಗೆ ಛಾಪಾ ಕಾಗದ ತಂದವರು ನಾನಲ್ಲ!

ರಿಜಿಸ್ಟ್ರಾರ್ ಆಫೀಸ್ ಮುಂದೆ ಕೂತು ಪತ್ರ ಬರೆಯುವ ನನಗೆ ಇಂಥ ಕಾಗದಗಳ ಮುಂದಿನ ಕಥೆ ಗೊತ್ತು. ಸ್ಥಿರಾಸ್ತಿಯ ಹಕ್ಕು ಬಿಡುವುದಾದರೆ ಆ ಪತ್ರ ನೋಂದಣಿ ಆಗಲೇಬೇಕು. ಕೋಣೆಯಲ್ಲಿ ಕೂತು ಹಾಕಿಸಿದ ಸಹಿಯಿಂದ ಹಕ್ಕು ಹೋಗುವುದಿಲ್ಲ. ಆದರೆ ಅದನ್ನೇ ಒಪ್ಪಿಗೆ ಪತ್ರ ಅಂತ ತೋರಿಸಿ ಒಬ್ಬನ ಹೆಸರಿಗೆ ಖಾತೆ ಮಾಡಿಸಿಕೊಳ್ಳುತ್ತಾರೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಡುವವರೂ ಇದ್ದಾರೆ. ಅಫಿಡವಿಟ್ ಕೊಟ್ಟು ಸುಳ್ಳು ಹೇಳುವುದು ಅಪರಾಧ. ಯಾರಿಗೂ ಅದರ ಭಯವಿಲ್ಲ. ಆಮೇಲೆ ಜಮೀನು ಮಾರೋ ಹೊತ್ತಿಗೆ ತಕರಾರು, ಪಾಲಿನ ದಾವೆ, ಅಣ್ಣ ತಂಗಿ ಕೋರ್ಟ್ ಕಾರಿಡಾರಲ್ಲಿ ಮುಖ ತಿರುಗಿಸಿಕೊಂಡು ನಿಲ್ಲೋದು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರಲ್ಲ ಅಂತ ಕೋರ್ಟ್‌ಗಳು ಎಷ್ಟು ಸಲ ಹೇಳಿಲ್ಲ?

ಲೆಕ್ಕ ಕಷ್ಟದ್ದೇನಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದ್ದು. (ಮುಸ್ಲಿಮರಿಗೆ, ಕ್ರೈಸ್ತರಿಗೆ ಲೆಕ್ಕ ಬೇರೆ.) ಉಯಿಲು ಬರೆಯದೆ ಗಂಡಸು ತೀರಿಕೊಂಡರೆ ಅವನ ಸ್ವಂತ ಸಂಪಾದನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಸತ್ತವನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೂರು ಎಕರೆ ಐದು ಗುಂಟೆ ಜಮೀನು ಬಿಟ್ಟು ಹೋದರು ಅಂತಿಟ್ಟುಕೊಳ್ಳಿ. ತಾಯಿ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ತಲೆಗೆ 25 ಗುಂಟೆ. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿ ಆದ ಮೇಲೆ ಮಗಳು ಹುಟ್ಟಿನಿಂದಲೇ ಮಗನಷ್ಟೇ ಹಕ್ಕುದಾರಳು. ಆ ತಿದ್ದುಪಡಿ ಬಂದಾಗ ಅಪ್ಪ ಬದುಕಿರಬೇಕಿತ್ತು ಅನ್ನೋ ವಾದವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಆಗಿಹೋದ ವಿಭಾಗವನ್ನು ಮಾತ್ರ ಮುಟ್ಟುವಂತಿಲ್ಲ.

"ಮದುವೆಗೆ ಸಾಲ ಮಾಡಿ ಚಿನ್ನ ಹಾಕಿದ್ವಿ, ಬಾಣಂತನ ಮಾಡಿದ್ವಿ, ಅಪ್ಪನ್ನ ಕೊನೇತನಕ ನೋಡಿಕೊಂಡೋನು ಮಗನೇ ಅಲ್ವಾ" ಅಂತಾರೆ. ನೋಡಿಕೊಂಡಿರಬಹುದು, ಇಲ್ಲ ಅನ್ನಲ್ಲ. ಹಾಗಿದ್ದರೆ ಮಗನಿಗೆ ಜಾಸ್ತಿ ಕೊಡಬೇಕು ಅಂತ ಅಪ್ಪನೇ ಬದುಕಿದ್ದಾಗ ಹೇಳಿ ಉಯಿಲು ಬರೆಯಬಹುದಿತ್ತು. ಅಪ್ಪ ಬಾಯಿಬಿಟ್ಟು ಹೇಳದ್ದನ್ನು ಅವರು ಹೋದ ಮೇಲೆ ಅಳುತ್ತಾ ಕೂತ ಮಗಳ ಕೈಯಿಂದ ಬರೆಸಿಕೊಳ್ಳೋದು ಯಾವ ನ್ಯಾಯ? "ಸಹಿ ಇಲ್ಲದೆ ಖಾತೆ ಆಗಲ್ಲ, ಬೆಳೆ ಸಾಲ ಸಿಗಲ್ಲ" ಅನ್ನೋದಂತೂ ಸುಳ್ಳು. ಮರಣ ಪ್ರಮಾಣಪತ್ರ, ಎಲ್ಲರ ಹೆಸರಿರೋ ವಂಶವೃಕ್ಷ ಕೊಟ್ಟರೆ ಎಲ್ಲ ವಾರಸುದಾರರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆ ಆಗುತ್ತೆ. ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಪಾಲು ವಿಭಾಗವನ್ನು ಆಮೇಲೆ ನಿಧಾನವಾಗಿ ಕೂತು ಮಾಡಿಕೊಳ್ಳಲಿ. ತಂಗಿಗೆ ನಿಜವಾಗಿ ಬಿಟ್ಟುಕೊಡೋ ಮನಸ್ಸಿದ್ದರೆ ಆರು ತಿಂಗಳಾದ ಮೇಲೂ ಆ ಮನಸ್ಸು ಇರುತ್ತೆ. ಹನ್ನೊಂದನೇ ದಿನವೇ ಯಾಕೆ?

ಯಾಕೆ ಅಂತ ನನಗೆ ಗೊತ್ತು. ನರಸಾಪುರ, ವೇಮಗಲ್ ಕಡೆ ಕೈಗಾರಿಕೆ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಜನ ಜಮೀನಿನ ಮಾತನ್ನು ಗುಂಟೆ ಲೆಕ್ಕದಲ್ಲಿ ಆಡುತ್ತಾರೆ. ಹೆಣ್ಣುಮಗಳು ಗಂಡನ ಮನೆಗೆ ವಾಪಸ್ ಹೋದರೆ ಯಾರನ್ನಾದರೂ ಕೇಳಿಬಿಡ್ತಾಳೆ, ಅದಕ್ಕೇ ಈ ಅವಸರ.

ಅಪ್ಪಂದಿರೇ, ಚಿಕ್ಕಪ್ಪಂದಿರೇ, ನಿಮ್ಮ ಕಾಲಿಗೆ ಬೀಳ್ತೀನಿ, ಗಟ್ಟಿಮುಟ್ಟಾಗಿ ಇರೋವಾಗಲೇ ಉಯಿಲು ಬರೆದಿಡಿ. ಅದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಸಹಿ ಬರದಿದ್ದರೆ ಹೆಬ್ಬೆಟ್ಟು ನಡೆಯುತ್ತೆ. ನೀವು ಸಹಿ ಹಾಕಿದ್ದನ್ನು ನೋಡಿದ ಇಬ್ಬರು ಸಾಕ್ಷಿಗಳು ನಿಮ್ಮ ಮುಂದೆಯೇ ಸಹಿ ಹಾಕಬೇಕು. ಆಸ್ತಿ ಪಡೆಯೋರನ್ನೇ ಸಾಕ್ಷಿ ಮಾಡಬೇಡಿ, ನಿಮಗಿಂತ ಚಿಕ್ಕ ವಯಸ್ಸಿನವರನ್ನ ಕರೆಯಿರಿ, ನಾಳೆ ಕೋರ್ಟಲ್ಲಿ ಬಂದು ಹೇಳೋಕೆ ಅವರು ಇರಬೇಕಲ್ಲ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಒಳ್ಳೆಯದು. ಮನಸ್ಸು ಬದಲಾದರೆ ಬೇರೆ ಬರೆಯಬಹುದು, ಕೊನೆಯದಾಗಿ ಬರೆದದ್ದೇ ಲೆಕ್ಕಕ್ಕೆ. ನಿಮ್ಮ ಮೇಲೆ ಸಾಲ ಇದ್ದರೆ ಅದನ್ನೂ ಬರೆದಿಡಿ, ಸಾಲ ತೀರಿ ಉಳಿದದ್ದೇ ಹಂಚೋಕೆ ಬರೋದು. ಪಿತ್ರಾರ್ಜಿತದಲ್ಲಿ ಮಾತ್ರ ನಿಮ್ಮ ಪಾಲಿಗಷ್ಟೇ ಉಯಿಲು ನಡೆಯುತ್ತೆ.

ಆಸ್ಪತ್ರೆ ಮಂಚದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಉಯಿಲನ್ನು ನಂಬಿಕೊಂಡು ಕೂತವರಿಗೂ ಒಂದು ಮಾತು. ನಮ್ಮ ಮೈಸೂರು ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ 1958ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ: ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ ಉಯಿಲಾದರೆ ಆ ಅನುಮಾನವನ್ನು ಅವನೇ ನಿವಾರಿಸಬೇಕು.

ಹೆಣ್ಣುಮಕ್ಕಳೇ, ಓದದೆ ಸಹಿ ಹಾಕಬೇಡಿ. "ಅಣ್ಣ, ಮನೆಗೆ ಹೋಗಿ ಓದಿ ಹೇಳ್ತೀನಿ" ಅಂದರೆ ತವರು ಮುರಿದುಬೀಳಲ್ಲ. ಈಗಾಗಲೇ ಸಹಿ ಹಾಕಿದ್ದರೂ ಎಲ್ಲ ಮುಗೀತು ಅಂತ ಸುಮ್ನೆ ಕೂರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಲ್ಲಿ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನನ್ನ ಹತ್ತಿರ ಪತ್ರ ಬರೆಸೋರಿಗೆ ಇವತ್ತೇ ಹೇಳಿಬಿಡ್ತೀನಿ. ಇನ್ನು ಮುಂದೆ ಹಕ್ಕು ಬಿಡುಗಡೆ ಪತ್ರ ಬೇಕು ಅಂದರೆ ಹಕ್ಕು ಬಿಡೋ ಹೆಣ್ಣುಮಗಳೇ ಬಂದು ಎದುರಿಗೆ ಕೂರಬೇಕು. ಪೂರ್ತಿ ಓದಿ ಹೇಳ್ತೀನಿ, ಪಾಲು ಎಷ್ಟು ಬರುತ್ತೆ ಅಂತಲೂ ಹೇಳ್ತೀನಿ. ಅದನ್ನ ಕೇಳಿ ಅವಳು ಹೂಂ ಅಂದರೆ ಮಾತ್ರ ಬರೆಯೋದು.