ನಿಧಾನದ ಓಟ ಅಂದರೆ ನೀರಸವಲ್ಲ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 10,000 ಮೀಟರ್ ಫೈನಲ್ ‘ನಿದ್ದೆ ಬರಿಸಿತು’ ಎಂದು ಬರೆದಿದ್ದೀರಿ. ಒಪ್ಪಲಾರೆ. ಕೆನ್ಯಾದ ಬಿಯಾಟ್ರಿಸ್ ಚೆಬೆಟ್ ಗೆದ್ದ ಸಮಯ 30:43.25 (30 ನಿಮಿಷ 43.25 ಸೆಕೆಂಡ್), ನಿಧಾನವೇ, ನಿಜ. ಅದೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ಯೂಜೀನ್‌ನಲ್ಲಿ ಇವರೇ 28:54.14ರ ವಿಶ್ವದಾಖಲೆ ಮಾಡಿದ್ದರು! ಹಾಗಾದರೆ ಎರಡೂವರೆ ತಿಂಗಳಲ್ಲಿ ಕಾಲು ಸೋತುಹೋಯಿತೇ? ದಾಖಲೆಯ ಓಟದಲ್ಲಿ ವೇಗ ಹಿಡಿದುಕೊಡಲು ಪೇಸರ್‌ಗಳಿರುತ್ತಾರೆ. ಫೈನಲ್‌ನಲ್ಲಿ ಯಾರೂ ಇಲ್ಲ. ಮುಂದೆ ಹೋದವರು ಗಾಳಿಗೆ ಎದೆಯೊಡ್ಡಬೇಕು, ಬೆನ್ನಿಗೆ ಅಂಟಿದವರು ಪುಕ್ಕಟೆ ಬರುತ್ತಾರೆ. ಕೊನೆಯ ಸುತ್ತಿನ ಮಿಂಚಿನೋಟ ಕೈಲಿರುವ ಚೆಬೆಟ್ ಯಾಕೆ ಮುಂದಾಗಬೇಕು ಹೇಳಿ? ಆದರೂ ಇಟಲಿಯ ನಾದಿಯಾ ಬಟ್ಟೊಕ್ಲೆಟ್ಟಿ ಬರೀ 0.10 ಸೆಕೆಂಡ್ ಹಿಂದಿದ್ದರು, ಮೂರನೆಯವರಾದ ನೆದರ್ಲೆಂಡ್ಸ್‌ನ ಸಿಫಾನ್ ಹಸನ್ ಒಂದು ಸೆಕೆಂಡಿನೊಳಗೆ. ನಿದ್ದೆ ಬಂದವರು ಆ ಕೊನೆಯ 200 ಮೀಟರ್ ನೋಡಿಲ್ಲ ಅಷ್ಟೇ.

ರಿಯೊ 2016ರಲ್ಲಿ ಇಥಿಯೋಪಿಯಾದ ಅಲ್ಮಾಜ್ ಅಯಾನಾ ಒಲಿಂಪಿಕ್ ಫೈನಲ್‌ನಲ್ಲೇ 29:17.45 ಓಡಿ ಚೀನಾದ ವಾಂಗ್ ಜುನ್‌ಶಿಯಾ ಅವರ 1993ರ ವಿಶ್ವದಾಖಲೆ ಮುರಿದದ್ದು ಅಪವಾದ. ಆರಂಭದಲ್ಲಿ ಕೆನ್ಯಾದ ಆಲಿಸ್ ಅಪ್ರೊಟ್ ಜೋರಾಗಿ ಎಳೆಯದಿದ್ದರೆ ಅದೂ ಕಷ್ಟವಿತ್ತು ಅನ್ನಿಸುತ್ತದೆ.

ಇನ್ನು ಪೇಸರ್‌ಗಳಿದ್ದರೆ ಎಲ್ಲ ಸಲೀಸು ಎಂಬ ಭ್ರಮೆಯೂ ಬೇಡ. 2025ರ ಜೂನ್‌ನಲ್ಲಿ ನಾಲ್ಕು ನಿಮಿಷದೊಳಗೆ ಮೈಲಿ ಓಡುವ ಮೊದಲ ಮಹಿಳೆಯಾಗಲು ಹೊರಟ ಕೆನ್ಯಾದ ಫೇತ್ ಕಿಪ್ಯೆಗಾನ್ ಸುತ್ತ 13 ಪೇಸರ್‌ಗಳು, ಅವರಲ್ಲಿ ಹೆಚ್ಚಿನವರು ಗಂಡಸರು. ಆದರೂ ಮೈಲಿ ಓಟ ನಿಂತದ್ದು ನಾಲ್ಕು ನಿಮಿಷ ಆರು ಸೆಕೆಂಡ್ ದಾಟಿದ ಮೇಲೆ, ನಾಲ್ಕು ನಿಮಿಷದ ಗೋಡೆ ಹಾಗೇ ಇದೆ.