ನೂರು ಕೊಟ್ಟರೆ ಹತ್ತು ಸಾವಿರ ಬರುತ್ತದೆಯೇ? ಕಾಣಿಕೆಯ ಸತ್ಯಾಂಶ

ಬೆಳಗಾವಿಯಿಂದ ವಿಜಯಪುರದವರೆಗೆ ಕ್ರೈಸ್ತ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುವ ಒಂದು ಸಂದೇಶ: ಕಾಣಿಕೆ ಕಳಿಸಿ, ದೇವರು ನೂರರಷ್ಟು ಹಿಂದಿರುಗಿಸುತ್ತಾನೆ. ಇದನ್ನು ಮುಂದೆ ಕಳಿಸುವವರಲ್ಲಿ ಹೆಚ್ಚಿನವರದು ಒಳ್ಳೆಯ ಮನಸ್ಸೇ. ಆದರೆ ಸತ್ಯವೇದ (ಬೈಬಲ್) ಹಾಗೆ ಹೇಳುವುದಿಲ್ಲ.

‘ನೂರರಷ್ಟು’ ಎಂಬ ಮಾತು ಇರುವುದು ಮಾರ್ಕ 10:30ರಲ್ಲಿ. ಹಿಂದಿನ ವಚನವನ್ನೂ ಓದಿ: ಅಲ್ಲಿನ ವಿಷಯ ಸುವಾರ್ತೆಗಾಗಿ ಮನೆ, ಬಂಧುಗಳು, ಹೊಲ ಬಿಟ್ಟವರದು. ಅವರಿಗೆ ಸಿಗುವುದರಲ್ಲಿ ಹಿಂಸೆಯೂ ಸೇರಿದೆ. ಸಂದೇಶದಲ್ಲಿ ಆ ಪದವೇ ಇರುವುದಿಲ್ಲ. ಇದೇ ಮಾತಿಗೆ ಆಧಾರವಾಗಿ ತೋರಿಸುವ ಬೇರೆ ವಚನಗಳೂ ಹಾಗೆಯೇ: ಲೂಕ 6:38ರ ‘ಕೊಡಿರಿ’ ಬರುವುದು ಕರುಣೆ, ಕ್ಷಮೆಯ ಮಾತಿನ ನಡುವೆ. ಮಲಾಕಿ 3:10 ಇಸ್ರಾಯೇಲ್ಯರಿಗೆ ದೇವಾಲಯದ ಕಣಜದ ಬಗ್ಗೆ ಹೇಳಿದ್ದು.

ಕೊಡುವ ಮನಸ್ಸು ಹೇಗಿರಬೇಕೆಂದು ತಿಳಿಯಲು 2 ಕೊರಿಂಥ 8 ಮತ್ತು 9ನೇ ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಈ ಪತ್ರ ಬರೆದ ಅಪೊಸ್ತಲ ಪೌಲ ಹಣ ಕೂಡಿಸುತ್ತಿದ್ದ. ಪ್ರತಿಯೊಬ್ಬನೂ ತಾನೇ ಹೃದಯದಲ್ಲಿ ನಿಶ್ಚಯಿಸಿದಷ್ಟು, ಬಲವಂತವಿಲ್ಲದೆ, ಸಂತೋಷದಿಂದ ಕೊಡಲಿ ಎನ್ನುತ್ತಾನೆ (9:7). ಇರುವುದರ ಪ್ರಕಾರ ಕೊಟ್ಟರೆ ಸಾಕು. ಇಲ್ಲದ್ದನ್ನು ಯಾರೂ ಕೇಳುವುದಿಲ್ಲ (8:12). ಆದ್ದರಿಂದ ರಾಶಿ ಕೈಗೆ ಬರುವ ಮೊದಲೇ ಬಡ್ಡಿಗೆ ಸಾಲ ತಂದು ಕಾಣಿಕೆ ಹಾಕಬೇಕಾದ ಅಗತ್ಯವಿಲ್ಲ. ಹಣದ ಲೆಕ್ಕದಲ್ಲಿ ಯಾರೂ ತಪ್ಪು ಹುಡುಕದಂತೆ ಪೌಲ ಎಚ್ಚರ ವಹಿಸಿದ್ದೂ ಅಲ್ಲೇ ಇದೆ (8:20-21).

ಇಂಥ ಸಂದೇಶ ಬಂದಾಗ ಅದರಲ್ಲಿರುವ ವಚನದ ಹಿಂದಿನ, ಮುಂದಿನ ಹತ್ತು ವಚನ ಓದಿ. ಖಾತೆ ಸಭೆಯದೋ (ಚರ್ಚಿನದೋ) ವ್ಯಕ್ತಿಯದೋ ನೋಡಿ, ರಸೀದಿ ಕೇಳಿ. ‘ಇವತ್ತೇ ಕಳಿಸಿ, ಇಲ್ಲದಿದ್ದರೆ ಶಾಪ’ ಎಂದಿದ್ದರೆ ಕಳಿಸಬೇಡಿ. ಮೋಸವಾಗಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.